ಅಗ್ನಿಪರ್ವತದ ಮಡಿಲಲ್ಲಿ ಹಾಡಿನ ಮನೆ

ಕೆರಿಬಿಯನ್ ಕಡಲಿನ ಭೂಪಟವನ್ನು ಎದುರಿಗೆ ಹರಡಿಕೊಂಡವರಿಗೆ ಮಾಂಟ್ಸೆರಾಟ್ ದ್ವೀಪವು ಒಮ್ಮೆಗೇ ಕಣ್ಣಿಗೆ ಬೀಳುವುದಿಲ್ಲ. ಮೊದಲು ಆಂಟಿಗುವಾ ದ್ವೀಪವನ್ನು ಗುರುತಿಸಿಕೊಂಡು, ಅಲ್ಲಿಂದ ನೈಋತ್ಯಕ್ಕೆ ಬೆರಳನ್ನು ಕೊಂಚ ಜಾರಿಸಬೇಕು. ಆಗ ಲೇಖನಿಯಿಂದ ತೊಟ್ಟಿಕ್ಕಿದ ಮಸಿಯ ಹನಿಯಂತೆ ಒಂದು ಚುಕ್ಕೆ ಕಾಣುತ್ತದೆ. ಸುಮಾರು 16 ಕಿಲೋಮೀಟರು ಉದ್ದ, 11 ಕಿಲೋಮೀಟರು ಅಗಲ. ಇಷ್ಟೇ ಅದರ ವಿಸ್ತಾರ. ಆದರೆ ಈ ಚುಕ್ಕೆಯಿಂದ ಹೊರಟ ಹಾಡುಗಳು ಹೋಗಿ ಮುಟ್ಟದ ದೇಶ ಭೂಮಂಡಲದಲ್ಲಿ ಬಹುಶಃ ಇಲ್ಲ. 1979ರಿಂದ 1989ರ ವರೆಗೆ, ಹತ್ತೇ ವರ್ಷಗಳ ಅವಧಿಯಲ್ಲಿ, ಇಲ್ಲಿನ ಒಂದು ಗುಡ್ಡದ ಮೇಲಿದ್ದ ಧ್ವನಿಮುದ್ರಣಾಲಯದಲ್ಲಿ 70ಕ್ಕೂ ಹೆಚ್ಚು ಆಲ್ಬಂಗಳು ರೂಪುಗೊಂಡುವು. ಪಾಲ್ ಮೆಕಾರ್ಟ್ನಿ, ಸ್ಟೀವಿ ವಂಡರ್, ಎಲ್ಟನ್ ಜಾನ್, 'ಪೊಲೀಸ್' ತಂಡದವರು, 'ಡೈರ್ ಸ್ಟ್ರೇಟ್ಸ್' ತಂಡದವರು, 'ರೋಲಿಂಗ್ ಸ್ಟೋನ್ಸ್' ತಂಡದವರು - ಹೀಗೆ ಜಗತ್ತೇ ಬೆನ್ನುಹತ್ತಿದ್ದ ಗಾಯಕರು ಒಬ್ಬರ ಹಿಂದೊಬ್ಬರಂತೆ ಪುಟ್ಟ ವಿಮಾನದಲ್ಲಿ ಇಲ್ಲಿಗೆ ಬಂದಿಳಿದರು.

ಇಂದು ಆ ಧ್ವನಿಮುದ್ರಣಾಲಯದ ಮಾಡು ಕುಸಿದಿದೆ. ನೆಲದ ಬಿರುಕುಗಳಿಂದ ಗಿಡಗಂಟಿಗಳು ತಲೆಯೆತ್ತಿವೆ. ಈಜುಕೊಳದಲ್ಲಿ ನೀರಿನ ಬದಲು ಪಾಚಿಯೂ ಪೊದೆಯೂ ಬೆಳೆದಿವೆ. ಹಾಡುಗಳು ಉಳಿದುವು; ಅವು ಹುಟ್ಟಿದ ಮನೆ ಉಳಿಯಲಿಲ್ಲ. ಮನೆಯೊಂದೇ ಅಲ್ಲ, ಅದರ ಸುತ್ತಲಿನ ಅರ್ಧಕ್ಕಿಂತ ಹೆಚ್ಚು ನಾಡೇ ಇಲ್ಲವಾಯಿತು. ಇದು ಆ ಮನೆಯ ಕಥೆ.

ಪಚ್ಚೆಯ ದ್ವೀಪ

1493ರಲ್ಲಿ ಕೊಲಂಬಸನು ಈ ದ್ವೀಪವನ್ನು ಕಂಡು, ಇದರ ಮೊನಚಾದ ಶಿಖರಗಳಿಗೆ ಮನಸೋತು, ಸ್ಪೇನ್ ದೇಶದ ಬಾರ್ಸಿಲೋನಾ ನಗರದ ಸಮೀಪದಲ್ಲಿರುವ ಮಾಂಟ್ಸೆರಾಟ್ ಎಂಬ ಪುಣ್ಯಕ್ಷೇತ್ರದ ಹೆಸರನ್ನು ಇದಕ್ಕಿಟ್ಟನೆಂದು ಹೇಳುತ್ತಾರೆ. 1632ರಿಂದ ಇಲ್ಲಿ ಬಿಳಿಯರ ವಸತಿ ಮೊದಲಾಯಿತು. ಬಂದವರಲ್ಲಿ ಹೆಚ್ಚಿನವರು ಐರ್ಲೆಂಡಿನ ಕ್ಯಾಥೊಲಿಕರು. ಅವರ ಹಿಂದೆಯೇ, ಕಬ್ಬಿನ ತೋಟಗಳಲ್ಲಿ ದುಡಿಯುವುದಕ್ಕಾಗಿ, ಸಂಕೋಲೆಯಲ್ಲಿ ಬಂಧಿತರಾದ ಆಫ್ರಿಕದ ಜನರು ಬಂದರು. 1768ರ ಮಾರ್ಚ್ 17ರಂದು, ಒಡೆಯರೆಲ್ಲ ಸಂತ ಪ್ಯಾಟ್ರಿಕನ ಹಬ್ಬದ ಪಾನಗೋಷ್ಠಿಯಲ್ಲಿ ಮೈಮರೆತಿರುವಾಗ ದಂಗೆಯೇಳಬೇಕೆಂದು ಆ ಗುಲಾಮರು ಹೂಡಿದ ಸಂಚು ಬಯಲಾಗಿ, ಮುಖಂಡರು ಗಲ್ಲಿಗೇರಿದರು. ಇಂದಿಗೂ ಆ ದಿನ ದ್ವೀಪಕ್ಕೆಲ್ಲ ರಜೆ. ಐರಿಷರ ಹಬ್ಬವೂ ಅದೇ, ಗುಲಾಮರ ಪೂರ್ವಜಸ್ಮರಣೆಯೂ ಅದೇ! ಒಡೆಯನ ಸಂಭ್ರಮವನ್ನೂ ಆಳಿನ ಬಲಿದಾನವನ್ನೂ ಒಂದೇ ದಿನ ನೆನೆಯುವ ನಾಡು ಬೇರೆ ಎಲ್ಲಿದ್ದೀತು?

ಈ ದ್ವೀಪಕ್ಕೆ 'ಕೆರಿಬಿಯನ್ನಿನ ಪಚ್ಚೆ' ಎಂಬ ಬಿರುದಿದೆ. ಅದು ಉತ್ಪ್ರೇಕ್ಷೆಯಲ್ಲ. ಬೆಟ್ಟಗಳು ತುದಿಯವರೆಗೂ ಹಸುರು. ಮಾವು, ತೆಂಗು, ಹಲಸಿನ ಜಾತಿಯ ಮರಗಳು ದಟ್ಟವಾಗಿ ಬೆಳೆಯುತ್ತವೆ. ಕಡಲತಡಿಯ ಮರಳು ಮಾತ್ರ ಕಪ್ಪು. ಆ ಕಪ್ಪಿನಲ್ಲಿಯೇ ದ್ವೀಪದ ಜಾತಕ ಅಡಗಿದೆ; ಇದು ಅಗ್ನಿಪರ್ವತವು ಉಗುಳಿದ ಮರಳು. ದಕ್ಷಿಣದಲ್ಲಿರುವ ಸೂಫ್ರಿಯೇರ್ ಬೆಟ್ಟಗಳೇ ಆ ಅಗ್ನಿಪರ್ವತ. ಬಿಳಿಯರು ಕಾಲಿಟ್ಟಂದಿನಿಂದ ಅದು ಬೆಂಕಿಯುಗುಳಿದ ದಾಖಲೆಯಿರಲಿಲ್ಲ. ಅಲ್ಲಲ್ಲಿ ಗಂಧಕದ ಹೊಗೆಯಾಡುತ್ತಿತ್ತು, ಒಮ್ಮೊಮ್ಮೆ ನೆಲ ನಡುಗುತ್ತಿತ್ತು, ಅಷ್ಟೆ. ಬೆಟ್ಟದ ಬುಡದಲ್ಲಿಯೇ, ಪಶ್ಚಿಮದ ತೀರದಲ್ಲಿ, ಪ್ಲಿಮತ್ ಎಂಬ ರಾಜಧಾನಿ ನೆಮ್ಮದಿಯಾಗಿ ಬಾಳುತ್ತಿತ್ತು.

ಗದ್ದಲದಿಂದ ದೂರ

ಇಂತಹ ಮೂಲೆಯ ದ್ವೀಪಕ್ಕೆ 1977ರಲ್ಲಿ ಜಾರ್ಜ್ ಮಾರ್ಟಿನ್ ಎಂಬ ಆಂಗ್ಲ ಗೃಹಸ್ಥರು ಬಂದರು. 'ಬೀಟಲ್ಸ್' ತಂಡದ ಹೆಸರು ಕೇಳಿದವರಿಗೆಲ್ಲ ಅವರ ಹೆಸರು ಪರಿಚಿತವಾಗಿರಬೇಕು. 1962ರಿಂದ ಆ ನಾಲ್ವರು ತರುಣರ ಹಾಡುಗಳನ್ನು ತಿದ್ದಿ ತೀಡಿ, ಅವಕ್ಕೆ ತಕ್ಕ ವಾದ್ಯಮೇಳವನ್ನು ಹೊಂದಿಸಿ, ಧ್ವನಿಮುದ್ರಿಸಿದವರು ಅವರೇ. ಆ ಹಾಡುಗಳಿಂದ ಕಂಪೆನಿಗೆ ಹೊನ್ನಿನ ಮಳೆ ಸುರಿದರೂ ಅವರಿಗೆ ದೊರೆಯುತ್ತಿದ್ದುದು ತಿಂಗಳ ಸಂಬಳ ಮಾತ್ರ. ಆದಕಾರಣ 1965ರಲ್ಲಿ ಅವರು ಕೆಲಸ ಬಿಟ್ಟು, ಕೆಲವರು ಸಹೋದ್ಯೋಗಿಗಳೊಡನೆ 'ಏರ್' ಎಂಬ ಸ್ವತಂತ್ರ ಸಂಸ್ಥೆಯನ್ನು ಕಟ್ಟಿದರು. ಲಂಡನ್ನಿನ ಆಕ್ಸ್‌ಫರ್ಡ್ ಸರ್ಕಸ್ಸಿನಲ್ಲಿ, ಹಗಲಿರುಳೂ ವಾಹನಗಳು ಮೊರೆಯುವ ಚೌಕದಲ್ಲಿ, 1970ರಲ್ಲಿ ಅವರ ಧ್ವನಿಮುದ್ರಣಾಲಯ ತೆರೆಯಿತು.

ನಗರದ ಸ್ಟುಡಿಯೋದಲ್ಲಿ ಗೋಡೆಗಳನ್ನು ಎಷ್ಟು ದಪ್ಪವಾಗಿ ಕಟ್ಟಿದರೂ ಒಳನುಗ್ಗುವ ಗದ್ದಲವೊಂದಿದೆ. ಅದು ಬಸ್ಸಿನ ಸದ್ದಲ್ಲ. ಟೆಲಿಫೋನು, ವಕೀಲ, ಪತ್ರಿಕೆಯವ, ಅಭಿಮಾನಿ, ಸಂಜೆಯ ಔತಣ - ಇವುಗಳ ಗದ್ದಲ. ಗಾಯಕನ ಖ್ಯಾತಿ ಏರಿದಷ್ಟೂ ಅವನ ಹಾಡಿಗೆ ಉಳಿಯುವ ಹೊತ್ತು ಇಳಿಯುತ್ತ ಹೋಗುತ್ತದೆ. ಇದನ್ನು ಬಲ್ಲ ಮಾರ್ಟಿನ್ನರು ಮೊದಲು ಒಂದು ಹಡಗಿನಲ್ಲಿಯೇ ಸ್ಟುಡಿಯೋ ಕಟ್ಟುವ ಯೋಚನೆ ಮಾಡಿದ್ದರು. ಅದು ಕೈಗೂಡಲಿಲ್ಲ. ಹಡಗಿಲ್ಲದಿದ್ದರೇನು, ದ್ವೀಪವುಂಟಲ್ಲ! ಮಾಂಟ್ಸೆರಾಟನ್ನು ಕಂಡ ಮೇಲೆ ಅವರಿಗೆ ಬೇರೆ ಸ್ಥಳ ಬೇಕಾಗಲಿಲ್ಲ. ಸೇಲಂ ಎಂಬ ಹಳ್ಳಿಯ ಬಳಿ, ಬೆಲಂ ಕಣಿವೆಯ ನೆತ್ತಿಯ ಮೇಲೆ, ಪಡುಗಡಲಿಗೆ ಮುಖಮಾಡಿದ ಒಂದು ತೋಟವನ್ನು ಆರಿಸಿಕೊಂಡರು. 1979ರಲ್ಲಿ ಅಲ್ಲಿ 'ಏರ್ ಸ್ಟುಡಿಯೋಸ್, ಮಾಂಟ್ಸೆರಾಟ್' ತೆರೆಯಿತು.

ಲಂಡನ್ನಿನಲ್ಲಿ ಇದ್ದಂತಹ ಸಲಕರಣೆಗಳೇ ಇಲ್ಲಿಗೂ ಬಂದುವು. 'ನೀವ್' ಕಂಪೆನಿಯವರು ವಿಶೇಷವಾಗಿ ಮಾಡಿಕೊಟ್ಟ ಧ್ವನಿ ನಿಯಂತ್ರಣದ ಮೇಜು, ಟೇಪು ಯಂತ್ರಗಳು, ಪಿಯಾನೋ, ಎಲ್ಲವೂ ಕಡಲು ದಾಟಿ ಬೆಟ್ಟವೇರಿದುವು. ಯಂತ್ರಗಳಿಗೆ ಉಷ್ಣವಲಯದ ತೇವ ಶತ್ರುವಾದುದರಿಂದ ಕೋಣೆಗಳನ್ನು ಸದಾ ತಂಪಾಗಿಯೂ ಒಣಗಿಯೂ ಇಡುವ ಏರ್ಪಾಡಾಯಿತು. ಹೊರಗೆ ಒಂದು ಈಜುಕೊಳ. ಅದರ ಪಕ್ಕದಲ್ಲಿ ಊಟದ ಕೋಣೆ. ಅಡುಗೆಗೆ, ವಾಹನ ನಡೆಸಲು, ತೋಟ ನೋಡಿಕೊಳ್ಳಲು ಊರಿನ ಜನ. ಆ ಜನರ ನಡತೆಯೇ ಆ ಸ್ಟುಡಿಯೋದ ಅರ್ಧ ಸಂಪತ್ತು ಎನ್ನಬೇಕು. ಬೀದಿಯಲ್ಲಿ ಯಾವ ಗಾಯಕ ಎದುರಾದರೂ ಅವರು ಒಂದು ನಮಸ್ಕಾರ ಹೇಳಿ ತಮ್ಮ ದಾರಿ ಹಿಡಿಯುತ್ತಿದ್ದರು. ಬೇರೆಡೆ ಕಾವಲುಗಾರರಿಲ್ಲದೆ ಹೆಜ್ಜೆ ಇಡಲಾರದವರು ಇಲ್ಲಿ ಹೆಂಡದಂಗಡಿಯ ಮುಂದಿನ ಬೆಂಚಿನ ಮೇಲೆ ಎಲ್ಲರಂತೆ ಕುಳಿತರು.

ಗಾಜಿನ ಆಚೆ ಈಚೆ

ಒಂದು ಆಲ್ಬಂ ಸಿದ್ಧವಾಗುವ ರೀತಿಯನ್ನು ಇಲ್ಲಿ ಸ್ವಲ್ಪ ವಿವರಿಸುವುದು ಲೇಸು. ಹಾಡುಗಾರ ಹಾಡುತ್ತಾನೆ, ಯಂತ್ರ ಹಿಡಿದಿಟ್ಟುಕೊಳ್ಳುತ್ತದೆ, ಇಷ್ಟೇ ತಾನೇ ಎಂದು ಸಾಮಾನ್ಯರ ಭಾವನೆ. ವಾಸ್ತವವಾಗಿ ಅದು ನೆಯ್ಗೆಯ ಕೆಲಸ. ಅಂದಿನ ದೊಡ್ಡ ಸ್ಟುಡಿಯೋಗಳಲ್ಲಿ ಬಳಕೆಯಲ್ಲಿದ್ದ ಎರಡಂಗುಲ ಅಗಲದ ಟೇಪಿನ ಮೇಲೆ 24 ಎಳೆಗಳಿರುತ್ತಿದ್ದುವು. ಡ್ರಮ್ಮಿಗೆ ಕೆಲವು ಎಳೆ, ಗಿಟಾರಿಗೆ ಒಂದೆರಡು, ಕಂಠಕ್ಕೆ ಒಂದು - ಹೀಗೆ ಒಂದೊಂದು ಧ್ವನಿಗೆ ಒಂದೊಂದು ಎಳೆ. ಮೊದಲು ತಾಳವನ್ನು ಮುದ್ರಿಸಿ, ಆಮೇಲೆ ಅದನ್ನು ಕಿವಿಗೆ ಹಾಕಿಕೊಂಡು ಕೇಳುತ್ತ, ಅದರ ಮೇಲೆ ಉಳಿದುದನ್ನು ಒಂದೊಂದಾಗಿ ಸೇರಿಸುತ್ತ ಹೋಗುತ್ತಾರೆ. ಒಂದರಲ್ಲಿ ತಪ್ಪಿದರೆ ಅದೊಂದನ್ನೇ ಅಳಿಸಿ ಮತ್ತೆ ಮುದ್ರಿಸಬಹುದು. ಕಡೆಯಲ್ಲಿ ಎಲ್ಲ ಎಳೆಗಳನ್ನೂ ಹದವರಿತು ಬೆರೆಸಿ, ಎರಡೇ ಎಳೆಗಳಿಗೆ ಇಳಿಸಿದಾಗ ಕೇಳುಗನ ಮನೆಗೆ ಬರುವ ಹಾಡು ಹುಟ್ಟುತ್ತದೆ.

ಒಂದು ವಾದ್ಯದ ಸದ್ದು ಇನ್ನೊಂದರ ಮೈಕಿನೊಳಗೆ ಸೋರಬಾರದು. ಹೊರಗಿನ ಗಾಳಿ ಮಳೆ ಹಕ್ಕಿಗಳ ಸದ್ದಂತೂ ಸುಳಿಯಲೇಬಾರದು. ಹೀಗೆ ಊರನ್ನು ಹೊರಗೆ ನಿಲ್ಲಿಸುವುದೇ ಸ್ಟುಡಿಯೋದ ಧರ್ಮವಾಗಿರಲು, ಅದಕ್ಕಾಗಿ ಕಡಲು ದಾಟಿ ಇಷ್ಟು ದೂರ ಬರಬೇಕೇ ಎಂಬ ಪ್ರಶ್ನೆ ಏಳುತ್ತದೆ. ಮುಚ್ಚಿದ ಕೋಣೆ ಲಂಡನ್ನಿನಲ್ಲಾದರೇನು, ಮಾಂಟ್ಸೆರಾಟಿನಲ್ಲಾದರೇನು? ಈ ಪ್ರಶ್ನೆಗೆ ಉತ್ತರ ಆ ಹತ್ತು ವರ್ಷಗಳ ಕೆಲವು ಪ್ರಸಂಗಗಳಲ್ಲಿ ದೊರೆಯುತ್ತದೆ.

ಗೆಳೆಯನನ್ನು ಕಳೆದುಕೊಂಡವರು

1980ರ ಡಿಸೆಂಬರ್ 8ರಂದು ನ್ಯೂಯಾರ್ಕಿನಲ್ಲಿ ಜಾನ್ ಲೆನನ್ ಕೊಲೆಗೀಡಾದರು. ಎರಡು ತಿಂಗಳ ಬಳಿಕ, 1981ರ ಫೆಬ್ರವರಿಯಲ್ಲಿ, ಅವರ ಬಾಲ್ಯದ ಗೆಳೆಯರೂ ಜೊತೆಗಾರರೂ ಆಗಿದ್ದ ಪಾಲ್ ಮೆಕಾರ್ಟ್ನಿಯವರು 'ಟಗ್ ಆಫ್ ವಾರ್' ಎಂಬ ಆಲ್ಬಂ ಸಲುವಾಗಿ ಮಾಂಟ್ಸೆರಾಟಿಗೆ ಬಂದರು. ನಿರ್ದೇಶನಕ್ಕೆ ಹಳೆಯ ಗುರು ಮಾರ್ಟಿನ್ನರೇ ಇದ್ದರು. ಡ್ರಮ್ಮು ಬಾರಿಸಲು ಹಳೆಯ ಸಂಗಾತಿ ರಿಂಗೋ ಸ್ಟಾರ್ ಬಂದರು. ಅಂಧಗಾಯಕ ಸ್ಟೀವಿ ವಂಡರ್ ಬಂದು ಮೆಕಾರ್ಟ್ನಿಯವರೊಡನೆ 'ಎಬನಿ ಅಂಡ್ ಐವರಿ' ಹಾಡನ್ನು ಹಾಡಿದರು. ಪಿಯಾನೋದ ಕರಿಯ ಮನೆಗಳೂ ಬಿಳಿಯ ಮನೆಗಳೂ ಒಂದರ ಪಕ್ಕದಲ್ಲೊಂದು ಕೂಡಿ ಬಾಳುವಂತೆ ಮನುಷ್ಯರೇಕೆ ಬಾಳಲಾರರೆಂಬುದು ಆ ಹಾಡಿನ ಭಾವ. 1982ರಲ್ಲಿ ಅದು ಅಮೆರಿಕದಲ್ಲಿ ಏಳು ವಾರಗಳ ಕಾಲ ಮೊದಲ ಸ್ಥಾನದಲ್ಲಿ ನಿಂತಿತು.

ಆ ದಿನಗಳಲ್ಲಿಯೇ ಕಾರ್ಲ್ ಪರ್ಕಿನ್ಸ್ ಎಂಬ ಅಮೆರಿಕದ ಹಿರಿಯ ಗಾಯಕರೂ ಬಂದಿದ್ದರು. ಬೀಟಲ್ಸ್ ಹುಡುಗರು ಇವರ ಹಾಡುಗಳನ್ನು ಕೇಳಿ ಕಲಿತವರು. ಒಂದು ವಾರ ಕಳೆದು ಹೊರಡುವ ಹಿಂದಿನ ರಾತ್ರಿ, ಆತಿಥ್ಯಕ್ಕೆ ಮಾತಿನಲ್ಲಿ ಕೃತಜ್ಞತೆ ಹೇಳಲಾರದೆ, ಪರ್ಕಿನ್ಸ್ ಒಂದು ಹಾಡು ಕಟ್ಟಿದರು. ಬೆಳಿಗ್ಗೆ ಅದನ್ನು ಹಾಡಿ ತೋರಿಸುತ್ತಿದ್ದಂತೆ ಮೆಕಾರ್ಟ್ನಿಯವರ ಕಣ್ಣಲ್ಲಿ ನೀರು ತುಂಬಿತು; ಅವರು ಎದ್ದು ಹೊರಗೆ ಹೋಗಿಬಿಟ್ಟರು. ಪರ್ಕಿನ್ಸರಿಗೆ ಗಾಬರಿ. ಆಗ ಮೆಕಾರ್ಟ್ನಿಯವರ ಪತ್ನಿ ಲಿಂಡಾ ನಿಜ ಹೇಳಿದರು: ಆ ಹಾಡಿನಲ್ಲಿ ಬಂದ ಮಾತು, ಲೆನನ್ನರು ತಮ್ಮ ಗೆಳೆಯನಿಗೆ ಕಡೆಯದಾಗಿ ಆಡಿದ ಮಾತಿಗೆ ತೀರ ಹತ್ತಿರದ್ದಾಗಿತ್ತು. ಪರ್ಕಿನ್ಸರಿಗೆ ಅದು ತಿಳಿದಿರಲು ಸಾಧ್ಯವೇ ಇರಲಿಲ್ಲ. ಈ ಪ್ರಸಂಗವನ್ನು ಅವರೇ ಮುಂದೆ ಅನೇಕ ಬಾರಿ ನೆನೆದು ಹೇಳಿದ್ದಾರೆ.

ಗೆಳೆಯನ ಸಾವಿನ ಬಳಿಕ ಪತ್ರಿಕೆಯವರು ಹೆಜ್ಜೆಹೆಜ್ಜೆಗೂ ಮುತ್ತಿಕೊಳ್ಳುತ್ತಿದ್ದ ಮನುಷ್ಯನಿಗೆ, ಯಾರೂ ನೋಡದಂತೆ ಅಳುವುದಕ್ಕೆ ಒಂದು ಜಗುಲಿ ಬೇಕಾಗಿತ್ತು. ಅದನ್ನು ಈ ದ್ವೀಪ ಒದಗಿಸಿತು.

ಮೂವರು, ಮೂರು ಕೋಣೆ

ಆದರೆ ದ್ವೀಪದ ಶಾಂತಿ ಎಲ್ಲರಿಗೂ ಒಂದೇ ಬಗೆಯ ಔಷಧವಾಗಲಿಲ್ಲ. 'ಪೊಲೀಸ್' ತಂಡದಲ್ಲಿದ್ದವರು ಮೂವರೇ: ಹಾಡು ಕಟ್ಟಿ ಹಾಡುವ ಸ್ಟಿಂಗ್, ಗಿಟಾರಿನ ಆಂಡಿ ಸಮರ್ಸ್, ಡ್ರಮ್ಮಿನ ಸ್ಟುವರ್ಟ್ ಕೋಪ್‌ಲೆಂಡ್. 1981ರಲ್ಲಿ ಇಲ್ಲಿಗೆ ಮೊದಲ ಬಾರಿ ಬಂದಾಗ ಅವರು ಊರ ಜನರ ನಡುವೆ ಕುಣಿದಾಡಿ ಒಂದು ಹಾಡಿನ ಚಿತ್ರವನ್ನೇ ತೆಗೆದಿದ್ದರು. 1982ರ ಡಿಸೆಂಬರಿನಲ್ಲಿ 'ಸಿಂಕ್ರೊನಿಸಿಟಿ' ಎಂಬ ಆಲ್ಬಂ ಮಾಡಲು ಮತ್ತೆ ಬಂದಾಗ ಸ್ಥಿತಿ ಬೇರೆಯಾಗಿತ್ತು. ಅಷ್ಟರಲ್ಲಿ ಅವರ ಖ್ಯಾತಿ ಮುಗಿಲು ಮುಟ್ಟಿತ್ತು. ಪರಸ್ಪರ ಸಹನೆ ನೆಲಕ್ಕಿಳಿದಿತ್ತು.

ಧ್ವನಿಮುದ್ರಣದ ಹೊಣೆ ಹೊತ್ತ ಹ್ಯೂ ಪ್ಯಾಡ್ಗಮ್ ಎಂಬ ತರುಣರು ಒಂದು ಉಪಾಯ ಮಾಡಿದರು. ಸ್ಟಿಂಗರನ್ನು ನಿಯಂತ್ರಣ ಕೋಣೆಯಲ್ಲಿಯೂ, ಸಮರ್ಸರನ್ನು ಸ್ಟುಡಿಯೋದಲ್ಲಿಯೂ, ಕೋಪ್‌ಲೆಂಡರನ್ನು ಡ್ರಮ್ಮುಗಳ ಸಹಿತ ಊಟದ ಕೋಣೆಯಲ್ಲಿಯೂ ಕೂರಿಸಿದರು. ಊಟದ ಕೋಣೆಯಲ್ಲಿ ಡ್ರಮ್ಮಿನ ನಾದ ಹೆಚ್ಚು ಜೀವಂತವಾಗಿ ಮೊಳಗುತ್ತಿತ್ತೆಂಬುದು ನಿಜ. ಮೂವರೂ ಒಂದೇ ಕಡೆ ಕುಳಿತರೆ ಮಾತಿಗೆ ಮಾತು ಬೆಳೆಯುವುದೆಂಬುದೂ ಅಷ್ಟೇ ನಿಜ. ಡ್ರಮ್ಮಿನವರ ಮುಖವನ್ನು ಉಳಿದವರು ಕ್ಯಾಮೆರಾದ ಮೂಲಕ ಟೆಲಿವಿಷನ್ನಿನಲ್ಲಿ ಕಾಣುತ್ತಿದ್ದರು. ಧ್ವನಿಯನ್ನು ಕಿವಿಗವಚದಲ್ಲಿ ಕೇಳುತ್ತಿದ್ದರು. ಒಂದೇ ಮನೆಯಲ್ಲಿದ್ದು ಮೂರು ದೇಶದವರಂತೆ ಬಾಳಿದರು. ದಿನಗಳು ಉರುಳಿದುವು. ಟೇಪಿನ ಮೇಲೆ ನಿಲ್ಲುವಂತಹ ಒಂದು ಹಾಡೂ ಹುಟ್ಟಲಿಲ್ಲ. ಆಲ್ಬಂ ಅನ್ನೇ ಕೈಬಿಡುವ ಮಾತು ಈಜುಕೊಳದ ದಂಡೆಯಲ್ಲಿ ನಡೆಯಿತು.

ಆಗ ಸಮರ್ಸ್ ಒಂದು ದಿನ, ದ್ವೀಪದಲ್ಲಿಯೇ ಇದ್ದ ಮಾರ್ಟಿನ್ನರ ಮನೆಗೆ ನಡೆದುಹೋದರು. ಬೀಟಲ್ಸರ ನಾಲ್ವರನ್ನು ಪಳಗಿಸಿದವರು ನಮ್ಮ ಮೂವರನ್ನು ಪಳಗಿಸಲಾರರೇ ಎಂಬುದು ಅವರ ಆಸೆ. ಮಾರ್ಟಿನ್ನರು ಚಹ ಕೊಟ್ಟು ಉಪಚರಿಸಿ, ಎಲ್ಲವನ್ನೂ ಸಮಾಧಾನದಿಂದ ಕೇಳಿ, ಇದನ್ನು ನೀವು ನೀವೇ ಬಗೆಹರಿಸಿಕೊಳ್ಳುವುದು ಒಳ್ಳೆಯದೆಂದು ಹೇಳಿ ಕಳುಹಿಸಿದರಂತೆ. ಸಮರ್ಸ್ ತಮ್ಮ ಆತ್ಮಕಥೆಯಲ್ಲಿ ಇದನ್ನು ಬರೆದಿದ್ದಾರೆ. ಸಂಸಾರದ ಜಗಳವನ್ನು ಹೊರಗಿನ ಹಿರಿಯರು ಕೆಲಕಾಲ ಮುಚ್ಚಬಹುದು, ತೀರಿಸಲಾರರು ಎಂಬುದನ್ನು ಬೀಟಲ್ಸ್ ತಂಡ ಒಡೆದುದನ್ನು ಕಣ್ಣಾರೆ ಕಂಡ ಆ ಹಿರಿಯರು ಬಲ್ಲರು.

ಅವರು ಬಗೆಹರಿಸಿಕೊಂಡರು, ಸ್ನೇಹದಿಂದಲ್ಲ, ಕೆಲಸದಿಂದ. 'ಎವೆರಿ ಬ್ರೆತ್ ಯು ಟೇಕ್' ಎಂಬ ಹಾಡಿನ ಡ್ರಮ್ಮಿನ ವಿಷಯದಲ್ಲಿ ಸ್ಟಿಂಗರಿಗೂ ಕೋಪ್‌ಲೆಂಡರಿಗೂ ಹಗ್ಗಜಗ್ಗಾಟ ನಡೆದಿತ್ತು. ತಾಳವೇನೋ ಸಿದ್ಧವಾಯಿತು; ಹಾಡು ಮಾತ್ರ ಬರಿದಾಗಿ ಉಳಿಯಿತು. ಕಡೆಗೆ ಸ್ಟಿಂಗ್, ಒಳಗೆ ಹೋಗಿ ನಿನ್ನ ಮನಬಂದಂತೆ ನುಡಿಸು ಎಂದು ಸಮರ್ಸರಿಗೆ ಬಿಟ್ಟುಕೊಟ್ಟರು. ಹಂಗೇರಿಯ ಬಾರ್ಟೋಕ್ ರಚಿಸಿದ ಪಿಟೀಲು ಯುಗಳಗಳನ್ನು ಅಭ್ಯಾಸ ಮಾಡಿದ್ದ ಸಮರ್ಸ್, ಅದೇ ಜಾಡಿನ ಸ್ವರಗಳನ್ನು ಬಿಡಿಬಿಡಿಯಾಗಿ ಮೀಟುತ್ತ, ಒಂದೇ ಸಾರಿ, ಮೊದಲಿನಿಂದ ಕಡೆಯವರೆಗೆ ನುಡಿಸಿದರು. ಗಾಜಿನಾಚೆ ಕುಳಿತವರು ಎದ್ದುನಿಂತು ಚಪ್ಪಾಳೆ ತಟ್ಟಿದರು. ವಾರಗಟ್ಟಲೆ ಕಟ್ಟಿಕೊಂಡಿದ್ದ ಮೋಡ ಮೂರು ನಾಲ್ಕು ನಿಮಿಷಗಳಲ್ಲಿ ಕರಗಿತು. ಆಲ್ಬಂ ಕೆಲಸ ಕೆನಡಾ ದೇಶದಲ್ಲಿ ಮುಗಿದು 1983ರಲ್ಲಿ ಹೊರಬಂದಾಗ ಈ ಹಾಡು ಅಮೆರಿಕದಲ್ಲಿ ಎಂಟು ವಾರ ಮೊದಲ ಸ್ಥಾನದಲ್ಲಿತ್ತು. ಆಲ್ಬಂ 17 ವಾರ ಅಗ್ರಸ್ಥಾನದಲ್ಲಿತ್ತು. ಅದೇ ಆ ತಂಡದ ಕಡೆಯ ಆಲ್ಬಂ ಕೂಡ.

ಇಷ್ಟು ದೂರ ಬರಬೇಕೇ ಎಂಬ ಪ್ರಶ್ನೆಗೆ ಉತ್ತರವಿದು. ನಗರದಲ್ಲಾಗಿದ್ದರೆ ಮೂವರೂ ಮೊದಲ ಜಗಳದಂದೇ ಮೂರು ಕಾರು ಹತ್ತಿ ಮನೆಗೆ ಹೋಗುತ್ತಿದ್ದರು. ದ್ವೀಪದಲ್ಲಿ ಹೋಗುವುದೆಲ್ಲಿಗೆ? ಸಂಜೆ ಅದೇ ಕೊಳದ ದಂಡೆ, ಅದೇ ಊಟದ ಮೇಜು, ಎದುರಿಗೆ ಅದೇ ಮುಖ. ಹಾಡಿಗೆ ಬೇಕಾಗಿದ್ದುದು ದ್ವೀಪದ ಸೊಬಗಲ್ಲ. ಅದರ ಸುತ್ತ ಇದ್ದ ನೀರು.

ಬಂದವರು, ಇದ್ದವರು

1984ರ ಕೊನೆಯಲ್ಲಿ 'ಡೈರ್ ಸ್ಟ್ರೇಟ್ಸ್' ತಂಡದವರು ಬಂದು 'ಬ್ರದರ್ಸ್ ಇನ್ ಆರ್ಮ್ಸ್' ಆಲ್ಬಂ ಮಾಡಿದರು. ಧ್ವನಿಯನ್ನು ಅಂಕೆಗಳಾಗಿ ಬರೆದುಕೊಳ್ಳುವ ಡಿಜಿಟಲ್ ಯಂತ್ರ ಆಗ ಹೊಸತು. ಅದನ್ನು ಅವರು ಇಲ್ಲಿಗೆ ತಂದರು. ರಜೆಗೆಂದು ದ್ವೀಪಕ್ಕೆ ಬಂದಿದ್ದ ಸ್ಟಿಂಗರನ್ನು ಕರೆದು ಒಂದು ಹಾಡಿನಲ್ಲಿ ದನಿಗೂಡಿಸುವಂತೆ ಕೇಳಿಕೊಂಡರು. 1985ರಲ್ಲಿ ಹೊರಬಂದ ಆ ಆಲ್ಬಂ, ಆಗ ತಾನೇ ಬಳಕೆಗೆ ಬಂದಿದ್ದ ಸಿ.ಡಿ. ತಟ್ಟೆಯಲ್ಲಿ ಹತ್ತು ಲಕ್ಷ ಪ್ರತಿ ಮಾರಾಟವಾದ ಮೊದಲನೆಯದೆಂಬ ಹೆಸರು ಪಡೆಯಿತು. ಎಲ್ಟನ್ ಜಾನ್ ಇಲ್ಲಿ ತಮ್ಮ ಹಳೆಯ ಜೊತೆಗಾರರನ್ನೆಲ್ಲ ಮತ್ತೆ ಕೂಡಿಸಿಕೊಂಡು 'ಟೂ ಲೋ ಫಾರ್ ಝೀರೋ' ಮಾಡಿದರು. ಇವರೆಲ್ಲರಿಗಿಂತ ಮೊದಲೇ, 1979ರಲ್ಲಿ, ಅಮೆರಿಕದ ಜಿಮ್ಮಿ ಬಫೆಟ್ ಬಂದು, ಕಿಟಕಿಯಾಚೆಯ ಸೂಫ್ರಿಯೇರ್ ಬೆಟ್ಟವನ್ನು ಕಂಡು 'ವಾಲ್ಕೇನೋ' ಎಂಬ ವಿನೋದಗೀತೆಯನ್ನೂ ಅದೇ ಹೆಸರಿನ ಆಲ್ಬಂ ಅನ್ನೂ ಮಾಡಿದ್ದರು. ಬೆಟ್ಟ ಸಿಡಿದರೆ ಓಡುವುದೆಲ್ಲಿಗೆ ಎಂಬುದೇ ಆ ಗೀತೆಯ ಹಾಸ್ಯ. ಆಗ ಎಲ್ಲರೂ ನಕ್ಕರು.

ಹೊರಗಿನವರೇ ಹಾಡಿ ಹೋದರು, ಊರಿನವರು ಬರಿದೆ ಕೇಳಿದರು ಎಂದು ಯಾರೂ ತಿಳಿಯಬಾರದು. ಕ್ಯಾಲಿಪ್ಸೊ, ಸೋಕಾ ಎಂಬ ಕೆರಿಬಿಯನ್ ಹಾಡಿನ ಬಗೆಗಳಲ್ಲಿ ಈ ನಾಡು ತನ್ನದೇ ಆದ ಗಾಯಕನನ್ನು ಪಡೆದಿತ್ತು. ಆಲ್ಫಾನ್ಸಸ್ ಕ್ಯಾಸೆಲ್ ಎಂಬುದು ಆತನ ಹೆಸರು. 'ಆರೋ' ಎಂದರೆ ಬಾಣವೆಂಬುದು ಬಿರುದು. ಪ್ಲಿಮತ್ ನಗರದಲ್ಲಿ ಗಂಡಸರ ಉಡುಪಿನ ಅಂಗಡಿಯಿಟ್ಟುಕೊಂಡಿದ್ದ ಆತ 1982ರಲ್ಲಿ ಹಾಡಿದ 'ಹಾಟ್ ಹಾಟ್ ಹಾಟ್' ಎಂಬ ಕುಣಿತದ ಹಾಡು ಬಿಲ್ಲಿನಿಂದ ಬಿಟ್ಟ ಬಾಣದಂತೆಯೇ ಭೂಮಿಯನ್ನು ಸುತ್ತಿತು.

ಬಿರುಗಾಳಿ

1989ರ ವಸಂತದಲ್ಲಿ 'ರೋಲಿಂಗ್ ಸ್ಟೋನ್ಸ್' ತಂಡದವರು ಬಂದರು. ಮಿಕ್ ಜ್ಯಾಗರ್ ಮತ್ತು ಕೀತ್ ರಿಚರ್ಡ್ಸ್ ವರ್ಷಗಳ ಮನಸ್ತಾಪವನ್ನು ಆಗಷ್ಟೇ ಮುಗಿಸಿಕೊಂಡಿದ್ದರು. ಇಲ್ಲಿ ಸಿದ್ಧವಾದ 'ಸ್ಟೀಲ್ ವೀಲ್ಸ್' ಆಲ್ಬಂ ಆಗಸ್ಟ್ 29ರಂದು ಹೊರಬಂದಿತು. ಮೂರು ವಾರವೂ ಕಳೆಯಲಿಲ್ಲ. ಸೆಪ್ಟೆಂಬರ್ 17ರಂದು 'ಹ್ಯೂಗೋ' ಎಂಬ ಚಂಡಮಾರುತ ದ್ವೀಪದ ಮೇಲೆರಗಿತು. ಗಂಟೆಗೆ 200 ಕಿಲೋಮೀಟರಿಗೂ ಮೀರಿದ ಆ ಗಾಳಿಗೆ ಹತ್ತರಲ್ಲಿ ಒಂಬತ್ತು ಮನೆಗಳು ಮಾಡು ಕಳೆದುಕೊಂಡುವು ಇಲ್ಲವೆ ಜಖಂಗೊಂಡುವು. ಮರಗಳ ಎಲೆಗಳೆಲ್ಲ ಹಾರಿ, ಪಚ್ಚೆಯ ದ್ವೀಪ ಒಂದೇ ರಾತ್ರಿಯಲ್ಲಿ ಸುಟ್ಟಂತೆ ಕಂದಾಯಿತು. ವಿದ್ಯುತ್ತು ನಿಂತಿತು.

ಮಾರ್ಟಿನ್ನರು ಬಂದು ನೋಡಿದಾಗ ಗೋಡೆಗಳು ನಿಂತಿದ್ದುವು. ಆದರೆ ತಂಪು ಮಾಡುವ ಯಂತ್ರ ನಿಂತುಹೋಗಿ, ಬಿಸಿಯಾದ ತೇವ ಒಳಹೊಕ್ಕಿತ್ತು. ಅವರು ಪಿಯಾನೋದ ಮುಚ್ಚಳವನ್ನೆತ್ತಿದರು. ಮನೆಗಳ ಮೇಲೆಲ್ಲ ಹಸುರು ಬೂಷ್ಟು ಹಬ್ಬಿತ್ತು. ಕರಿಬಿಳಿ ಮನೆಗಳ ಸಾಮರಸ್ಯವನ್ನು ಹಾಡಿದ್ದ ಆ ಕೋಣೆಯಲ್ಲಿ ಈಗ ಕರಿದಾವುದು, ಬಿಳಿದಾವುದು? ಪಿಯಾನೋದ ಗತಿಯೇ ಹೀಗಾದರೆ ಸೂಕ್ಷ್ಮವಾದ ಯಂತ್ರಗಳ ಗತಿ ಏನೆಂಬುದನ್ನು ಬಿಚ್ಚಿ ನೋಡಬೇಕಾಗಿರಲಿಲ್ಲ. ಸ್ಟುಡಿಯೋ ಮತ್ತೆ ತೆರೆಯಲಿಲ್ಲ.

ಬೂದಿ

ದ್ವೀಪದ ಜನರು ಬಿದ್ದುದನ್ನೆಲ್ಲ ಮತ್ತೆ ಎತ್ತಿ ಕಟ್ಟಿದರು. ಗಾಳಿಯ ಗಾಯ ಮಾಯುತ್ತ ಬಂದಿತ್ತು. ಹೀಗಿರಲು, 1995ರ ಜುಲೈ 18ರಂದು, ಶತಮಾನಗಳಿಂದ ಮಲಗಿದ್ದ ಸೂಫ್ರಿಯೇರ್ ಬೆಟ್ಟ ಎಚ್ಚರಗೊಂಡಿತು. ಮೊದಲು ಹಬೆ, ಆಮೇಲೆ ಬೂದಿ, ಆಮೇಲೆ ಕೆಂಡದಂತಹ ಕಲ್ಲು. ಪ್ಲಿಮತ್ ನಗರವನ್ನು ತೆರವು ಮಾಡಿಸಿದರು, ಜನ ಮರಳಿ ಬಂದರು, ಮತ್ತೆ ತೆರವು ಮಾಡಿಸಿದರು. 1996ರ ಏಪ್ರಿಲಿನಲ್ಲಿ ಬಿಟ್ಟುಹೋದವರು ಮತ್ತೆ ಅಲ್ಲಿ ಬಾಳಲಿಲ್ಲ. ಶಾಲೆಗಳೂ ಇಗರ್ಜಿಗಳೂ ನಿರಾಶ್ರಿತರ ಬಿಡಾರಗಳಾದುವು.

ಆದರೂ ಒಕ್ಕಲಿಗನ ಜೀವ ಹೊಲದಲ್ಲಿರುತ್ತದೆ. ನಿಷೇಧವಿದ್ದರೂ ಕೆಲವರು ಬೆಳೆ ನೋಡಿಕೊಳ್ಳಲು, ದನಕರುಗಳಿಗೆ ಮೇವು ಹಾಕಲು ಬೆಟ್ಟದ ಬದಿಗೆ ಹೋಗಿಬರುತ್ತಿದ್ದರು. 1997ರ ಜೂನ್ 25ರಂದು ಕುದಿಯುವ ಅನಿಲವೂ ಬೂದಿಯೂ ಬಂಡೆಯೂ ಒಂದಾಗಿ ಬೆಟ್ಟದಿಂದ ಹೊಳೆಯಂತೆ ಇಳಿದಾಗ 19 ಮಂದಿ ಪ್ರಾಣ ಕಳೆದುಕೊಂಡರು. ಗಾಯಕರೆಲ್ಲ ಬಂದಿಳಿದಿದ್ದ ಹಳೆಯ ವಿಮಾನನಿಲ್ದಾಣ ಆ ವರ್ಷವೇ ನಾಶವಾಯಿತು. ಆಗಸ್ಟಿನಲ್ಲಿ ಪ್ಲಿಮತ್ ನಗರ ಹೊತ್ತಿ ಉರಿದು ಬೂದಿಯಲ್ಲಿ ಹೂತಿತು. ನ್ಯಾಯಾಲಯ, ಅಂಗಡಿಬೀದಿ, ಆರೋ ಗಾಯಕನ ಉಡುಪಿನಂಗಡಿ, ಗಡಿಯಾರದ ಕಂಬ, ಯಾವುದನ್ನೂ ಅದು ಬಿಡಲಿಲ್ಲ. ಸುಮಾರು 11,000 ಜನರಿದ್ದ ದ್ವೀಪದಿಂದ ಮೂರರಲ್ಲಿ ಎರಡು ಪಾಲು ಜನ ಇಂಗ್ಲೆಂಡಿಗೂ ನೆರೆಯ ದ್ವೀಪಗಳಿಗೂ ವಲಸೆ ಹೋದರು. ಬಫೆಟ್ಟರ ವಿನೋದಗೀತೆಯ ಪ್ರಶ್ನೆಗೆ ಉತ್ತರ ಬಂದಿತ್ತು. ನಗುವವರು ಮಾತ್ರ ಇರಲಿಲ್ಲ.

ಋಣ

ಹೊಳೆ ದಾಟಿದ ಮೇಲೆ ಅಂಬಿಗನ ಹಂಗಿಲ್ಲವೆಂದು ಗಾದೆ. ಇಲ್ಲಿ ಹಾಗಾಗಲಿಲ್ಲವೆಂಬುದನ್ನು ಹೇಳಲೇಬೇಕು. 1997ರ ಸೆಪ್ಟೆಂಬರ್ 15ರಂದು, ಎಪ್ಪತ್ತು ದಾಟಿದ್ದ ಮಾರ್ಟಿನ್ನರು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ 'ಮಾಂಟ್ಸೆರಾಟಿಗಾಗಿ ಸಂಗೀತ' ಎಂಬ ಕಛೇರಿಯನ್ನು ಏರ್ಪಡಿಸಿದರು. ಮೆಕಾರ್ಟ್ನಿ, ಸ್ಟಿಂಗ್, ಎಲ್ಟನ್ ಜಾನ್, ಡೈರ್ ಸ್ಟ್ರೇಟ್ಸಿನ ಮಾರ್ಕ್ ನಾಫ್ಲರ್, ಎರಿಕ್ ಕ್ಲಾಪ್ಟನ್, ಫಿಲ್ ಕಾಲಿನ್ಸ್ ಮೊದಲಾದವರು ಹಾಡಿದರು. ಬಫೆಟ್ ಅದೇ 'ವಾಲ್ಕೇನೋ'ವನ್ನು ಹಾಡಿದರು. ಊರು ಕಳೆದುಕೊಂಡ ಆರೋ 'ಹಾಟ್ ಹಾಟ್ ಹಾಟ್' ಹಾಡಿ ಸಭೆಯನ್ನು ಕುಣಿಸಿದನು. ವೃದ್ಧ ಪರ್ಕಿನ್ಸರೂ ಬಂದಿದ್ದರು; ನಾಲ್ಕು ತಿಂಗಳ ಬಳಿಕ ಅವರು ತೀರಿಕೊಂಡರು.

ಕೂಡಿದ ಹಣದಲ್ಲಿ ಒಂದಂಶ ಒಡನೆಯೇ ನಿರಾಶ್ರಿತರಿಗೆ ನೆರವಾಯಿತು. ಮಿಕ್ಕುದರಿಂದಲೂ ಮಾರ್ಟಿನ್ನರು ಮುಂದೆ ಕೂಡಿಸಿದ ನಿಧಿಯಿಂದಲೂ, ಅಗ್ನಿಪರ್ವತದಿಂದ ದೂರವಾದ ಉತ್ತರದ ಲಿಟಲ್ ಬೇ ಎಂಬಲ್ಲಿ ಒಂದು ಸಾಂಸ್ಕೃತಿಕ ಭವನ ಎದ್ದಿತು. ಅದನ್ನು ಅವರು ದ್ವೀಪದ ಜನರಿಗೆ ಕಾಣಿಕೆಯಾಗಿ ಕೊಟ್ಟರು. ಮದುವೆ, ಸಭೆ, ನಾಟಕ, ಸಂಗೀತ, ಎಲ್ಲಕ್ಕೂ ಅದೇ ಭವನ. ಅದರ ಗೋಡೆಯ ಮೇಲೆ ಇಲ್ಲಿ ಹಾಡಿದ ಗಾಯಕರ ಅಂಗೈ ಅಚ್ಚುಗಳು ಕಂಚಿನಲ್ಲಿ ಮೂಡಿವೆ. ಆರೋ 2010ರ ಸೆಪ್ಟೆಂಬರ್ 15ರಂದು ತೀರಿಕೊಂಡನು. ಆ ಕಛೇರಿ ನಡೆದು ಅಂದಿಗೆ ಸರಿಯಾಗಿ 13 ವರ್ಷ. ಮಾರ್ಟಿನ್ನರು 2016ರ ಮಾರ್ಚಿಯಲ್ಲಿ ಕಣ್ಮುಚ್ಚಿದರು.

ಒಂದು ಭವನದಿಂದ ಒಂದು ನಗರದ ನಷ್ಟ ತುಂಬೀತೇ? ತುಂಬದು. ಹಾಡುಗಳಿಂದ ಗಾಯಕರಿಗೂ ಕಂಪೆನಿಗಳಿಗೂ ಬಂದ ಐಶ್ವರ್ಯದ ಮುಂದೆ ಆ ಕಾಣಿಕೆ ಸಣ್ಣದೇ. ಆದರೆ ಲೆಕ್ಕ ಹಾಕುವುದಾದರೆ ದ್ವೀಪ ಕೊಟ್ಟುದನ್ನು ಯಾವ ತಕ್ಕಡಿಯಲ್ಲಿ ತೂಗುವುದು? ಅದು ಕೊಟ್ಟುದು ನೆಮ್ಮದಿಯನ್ನು. ಹೆಸರುವಾಸಿಯಾದವನನ್ನೂ ಎಲ್ಲರಂತೆ ಕಾಣುವ ಸೌಜನ್ಯವನ್ನು. ಅದಕ್ಕೆ ಯಾವ ಒಪ್ಪಂದಪತ್ರದಲ್ಲಿಯೂ ಬೆಲೆ ಬರೆದಿರಲಿಲ್ಲ.

ಈಗ ದ್ವೀಪದಲ್ಲಿ ಐದು ಸಾವಿರಕ್ಕೂ ಕಡಿಮೆ ಜನರಿದ್ದಾರೆ. ಸರಕಾರದ ಕಚೇರಿಗಳು ಬ್ರೇಡ್ಸ್ ಎಂಬ ಊರಿನಲ್ಲಿವೆ. 2005ರಲ್ಲಿ ಉತ್ತರದ ಗುಡ್ಡದ ಮೇಲೆ ಹೊಸ ವಿಮಾನನಿಲ್ದಾಣ ತೆರೆಯಿತು. ಮಾರ್ಟಿನ್ನರು ವಾಸವಾಗಿದ್ದ ಮನೆ ಪ್ರವಾಸಿಗಳಿಗೆ ಅತಿಥಿಗೃಹವಾಯಿತು. ದಕ್ಷಿಣದ ನಿಷಿದ್ಧ ಪ್ರದೇಶದಲ್ಲಿ ಪ್ಲಿಮತ್ ನಗರ ಬೂದಿಯೊಳಗೆ ನಿಂತಿದೆ. ಕಾಗದದ ಮೇಲೆ ಇಂದಿಗೂ ಅದೇ ರಾಜಧಾನಿ. ಬೆಟ್ಟದ ಉಸಿರಾಟವನ್ನು ವಿಜ್ಞಾನಿಗಳು ಹಗಲಿರುಳೂ ಕಾಯುತ್ತಿದ್ದಾರೆ.

ಸ್ಟುಡಿಯೋ ಮಾತ್ರ ತನ್ನ ಗುಡ್ಡದ ಮೇಲೆ ಒಂದೊಂದೇ ಮಳೆಗಾಲಕ್ಕೆ ಒಂದೊಂದಿಷ್ಟು ಕರಗುತ್ತಿದೆ. ಅಲ್ಲಿ ಮುದ್ರಿತವಾದ ಆಲ್ಬಂಗಳನ್ನು ಎಷ್ಟು ಕಿವಿಗೊಟ್ಟು ಕೇಳಿದರೂ ದ್ವೀಪದ ಸದ್ದು ಒಂದೂ ಕೇಳಿಸದು. ಕತ್ತಲಾಗುತ್ತಲೇ ಸಿಳ್ಳೆ ಹಾಕತೊಡಗುವ ಅಲ್ಲಿಯ ಪುಟ್ಟ ಮರಗಪ್ಪೆಗಳನ್ನು ಹೊರಗಿಡಲೆಂದೇ ಅಷ್ಟು ದಪ್ಪದ ಗೋಡೆ, ಅಷ್ಟು ಭದ್ರವಾದ ಬಾಗಿಲು. ಈಗ ಬಾಗಿಲಿಲ್ಲ, ಮಾಡಿಲ್ಲ. ಮೆಕಾರ್ಟ್ನಿಯೂ ಸ್ಟಿಂಗೂ ಹಾಡಿದ ಕೋಣೆಯಲ್ಲಿ ಕಪ್ಪೆಗಳು ಹಾಡುವುದನ್ನು ತಡೆಯುವವರು ಯಾರೂ ಇಲ್ಲ.